ಪಾಳೇಗಾರರ ಮರಿಮಗನಿಗೆ ಒಂದು ಪುಟ ಬೇಕಾ?

ಬಿಸಿಲೆಘಾಟಿ, ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ವಿಕಿಪೀಡಿಯದ ಅರಳಿಕಟ್ಟೆಯಲ್ಲಿ, ಅಂದರೆ ಅಲ್ಲಿನ ಚರ್ಚೆಯ ಪುಟದಲ್ಲಿ, ಕೇಳುವ ಮೊದಲು ನಮ್ಮ ಹಾಸನ, ಚಿಕ್ಕಮಗಳೂರಿನವರ ಹತ್ತಿರ ಕೇಳೋಣ ಅಂತ ಬಂದೆ. ಅಲ್ಲಿ ಕೇಳಿದರೆ ಎರಡು ಸಾಲಿನಲ್ಲಿ ತೀರ್ಪು ಬರುತ್ತದೆ. ಇಲ್ಲಿಯಾದರೆ ಬೈಸಿಕೊಂಡಾದರೂ ಕಲಿಯಬಹುದು.

ನನ್ನ ತಾಯಿಯ ತವರು ಸಕಲೇಶಪುರದ ಕಡೆ. ಊರಿನ ಹೆಸರು ಬೇಡ, ಹಳೇ ಮಂಜರಾಬಾದ್ ಸೀಮೆ ಅಂದುಕೊಳ್ಳಿ. ಅಲ್ಲೊಂದು ದೊಡ್ಡಮನೆ ಇದೆ. ಪಾಳೇಗಾರರ ವಂಶದವರು ಅಂತ ಹೇಳುತ್ತಾರೆ. ಆ ಮನೆಯ ಹಿರಿಯರೊಬ್ಬರು ಕಳೆದ ಶತಮಾನದಲ್ಲಿ ಬಾಳಿ ಹೋದರು. ಊರಿನವರು ಅವರನ್ನು ಅರಸು ಅಂತಲೇ ಕರೆಯುತ್ತಿದ್ದರು. ಜಾತ್ರೆಯಲ್ಲಿ ಮೊದಲ ಮರ್ಯಾದೆ ಅವರಿಗೇ. ಶಾಲೆಗೆ ಜಾಗ ಕೊಟ್ಟರು. ಹಳೇ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು ಅಂತಲೂ ಮಾತಿದೆ. ಮನೆಯಲ್ಲಿ ಖಡ್ಗ ಇದೆ, ನಾನೇ ನೋಡಿದ್ದೇನೆ.

ಅವರ ಬಗ್ಗೆ ವಿಕಿಪೀಡಿಯದ ನನ್ನ ಪ್ರಯೋಗಪುಟದಲ್ಲಿ (ಕರಡು ಬರೆದಿಡುವ ಪುಟ) ಒಂದು ಲೇಖನ ಬರೆದಿಟ್ಟಿದ್ದೇನೆ. ನನ್ನ ಹತ್ತಿರ ಇರುವ ಆಧಾರ ಇಷ್ಟು: ಮನೆಯವರು ಇಟ್ಟುಕೊಂಡಿರುವ ವಂಶಾವಳಿ, ಶಾಲೆಯ ಸ್ಮರಣ ಸಂಚಿಕೆಯ ಒಂದು ಪುಟ, ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿ, ಮತ್ತೆ ವಂಶವೃಕ್ಷದ ಒಂದು ವೆಬ್‌ಸೈಟ್. ಇದಿಷ್ಟು ಸಾಕಾ?

ಹಾಸನದ ಹುಡುಗ

ಸಾಲದು ಅಕ್ಕ.

ಬಿಸಿಲೆಘಾಟಿ

ಇದಕ್ಕೇ ಅರಳಿಕಟ್ಟೆಗೆ ಹೋಗಲಿಲ್ಲ ನಾನು.

ಹಾಸನದ ಹುಡುಗ

ಕೋಪ ಬೇಡ, ಬಿಡಿಸಿ ಹೇಳುತ್ತೇನೆ.

ವಂಶಾವಳಿ ಮನೆಯವರದ್ದೇ. ಯಾವ ಮನೆಯವರೂ ನಮ್ಮ ಮುತ್ತಜ್ಜ ಸಾಮಾನ್ಯ ಮನುಷ್ಯ ಅಂತ ಬರೆದಿಡುವುದಿಲ್ಲ. ಶ್ರದ್ಧಾಂಜಲಿ ಜಾಹೀರಾತು, ಅದಕ್ಕೆ ದುಡ್ಡು ಕೊಟ್ಟು ಹಾಕಿಸುತ್ತಾರೆ. ನಾಳೆ ನಾನು ಸತ್ತರೂ ಫೋಟೋ ಸಮೇತ ಬರುತ್ತದೆ. ವೆಬ್‌ಸೈಟಿನಲ್ಲಿ ಹುಟ್ಟಿದ ವರ್ಷ, ಸತ್ತ ವರ್ಷ, ಹೆಂಡತಿ, ಮಕ್ಕಳು, ಅಷ್ಟೇ ಅಲ್ವಾ? ಅದರಲ್ಲಿ ಯಾರು ಬೇಕಾದರೂ ಹೆಸರು ಸೇರಿಸಬಹುದು. ಉಳಿದದ್ದು ಸ್ಮರಣ ಸಂಚಿಕೆ. ಆ ಪುಟ ಬರೆದವರು ಯಾರು?

ವಿಕಿಪೀಡಿಯ ಕೇಳುವುದು ಒಂದೇ. ಆ ವ್ಯಕ್ತಿಗೆ ಸಂಬಂಧ ಇಲ್ಲದ, ನಂಬಬಹುದಾದ ಯಾರಾದರೂ ಅವರ ಬಗ್ಗೆ ವಿವರವಾಗಿ ಬರೆದಿದ್ದಾರಾ? ದೊಡ್ಡ ಮನೆಯಲ್ಲಿ ಹುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅಪ್ಪನ ಹೆಸರು ಮಗನಿಗೆ ಆಸ್ತಿಯಂತೆ ಬರಲ್ಲ ಇಲ್ಲಿ.

ಬಿಸಿಲೆಘಾಟಿ

ಸ್ಮರಣ ಸಂಚಿಕೆಯ ಪುಟ ಬರೆದವರು ಅವರ ತಂಗಿಯ ಮಗ. ಈಗ ನೋಡಿದೆ. ಹೋಗಲಿ ಬಿಡಿ.

ಬೇಲೂರು ಮೇಷ್ಟ್ರು

ಸ್ವಲ್ಪ ತಾಳಿ. ಹುಡುಗ ನಿಯಮ ಸರಿಯಾಗಿ ಹೇಳಿದ್ದಾನೆ. ಆದರೆ ನಿಯಮ ಹೇಳಿ ಎದ್ದು ಹೋದರೆ ಮಲೆನಾಡಿನ ಅರ್ಧ ಚರಿತ್ರೆ ಹೊಳೆಗೆ ಹೋಗುತ್ತದೆ.

1930ರ ಹೊತ್ತಿಗೆ ಆ ಸೀಮೆಯಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವವರು ಯಾರಿದ್ದರು? ಮಳೆಗಾಲದಲ್ಲಿ ಟಪಾಲು ಬಂದರೆ ಪುಣ್ಯ. ಅಂಥ ಊರಿನಲ್ಲಿ ಒಬ್ಬ ಮನುಷ್ಯ ಐವತ್ತು ವರ್ಷ ನ್ಯಾಯ ಪಂಚಾಯಿತಿ ಮಾಡಿದರೂ ಅಚ್ಚಿನಲ್ಲಿ ಒಂದು ಸಾಲು ಬರುವುದಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಯ ಯಾವನೋ ಬ್ಯಾರೊನೆಟ್, ಅಂದರೆ ವಂಶದಿಂದ ಸಣ್ಣ ಪದವಿ ಬಂದವನು, ಕೆಮ್ಮಿದರೂ ಪತ್ರಿಕೆಯಲ್ಲಿ ಬರುತ್ತಿತ್ತು. ಹಾಗಾದರೆ ಅವನಿಗೆ ಪುಟ, ಇವರಿಗೆ ಇಲ್ಲ. ಇದು ನ್ಯಾಯವಾ?

ಮುಳ್ಳಯ್ಯನಗಿರಿ

ಮೇಷ್ಟ್ರೇ, ಬ್ಯಾರೊನೆಟ್‌ಗೂ ಸುಮ್ನೆ ಪುಟ ಸಿಗುವುದಿಲ್ಲ. ಇಂಗ್ಲಿಷ್ ವಿಕಿಯಲ್ಲಿ ಅವರನ್ನೂ ಎಳೆದಾಡುತ್ತಾರೆ. ಲಾರ್ಡ್‌ಗಳಿಗೆ ಸುಲಭ, ಯಾಕೆಂದರೆ ವಂಶದಿಂದ ಬಂದ ಲಾರ್ಡ್‌ಗಳು ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರುತ್ತಿದ್ದರು. 1999ರಲ್ಲಿ ಕಾನೂನು ಬಂದು ಬಹಳ ಜನರನ್ನು ಹೊರಗೆ ಹಾಕಿತು, 92 ಜನರನ್ನು ಮಾತ್ರ ಉಳಿಸಿಕೊಂಡಿತು. ಶಾಸನ ಸಭೆಯಲ್ಲಿ ಕೂತವನು ಅನ್ನುವ ಕಾರಣಕ್ಕೆ ಪುಟ. ಬ್ಯಾರೊನೆಟ್‌ಗೆ ಆ ಕುರ್ಚಿ ಇಲ್ಲ.

ಇನ್ನೂ ತಮಾಷೆ ಜರ್ಮನಿಯದ್ದು. 1919ರ ಸಂವಿಧಾನ ಅಲ್ಲಿನ ಅರಸು ಮನೆತನಗಳ ಸವಲತ್ತು ತೆಗೆದು ಹಾಕಿತು. ಪ್ರಿನ್ಸ್ ಅನ್ನುವುದು ಈಗ ಅಡ್ಡಹೆಸರಿನ ಒಂದು ತುಂಡು ಅಷ್ಟೇ. ಆದರೂ ಬ್ಯಾಂಕಿನಲ್ಲಿ ಕೆಲಸ ಮಾಡುವ ಯಾರೋ ಒಬ್ಬನಿಗೆ ಯಾರೋ ಅಭಿಮಾನಿ ಪುಟ ತೆರೆಯುತ್ತಾನೆ. ಇಡೀ ಲೇಖನದಲ್ಲಿ ಅಜ್ಜ, ಅಜ್ಜಿ, ಅತ್ತೆ, ಮಾವ. ಅವನು ಏನು ಮಾಡಿದ ಅಂತ ಹುಡುಕಿದರೆ, ಮದುವೆ ಆದ. ಕೊನೆಗೆ ಉಳಿಸಬೇಕಾ ಅಳಿಸಬೇಕಾ ಅಂತ ಚರ್ಚೆ ಮಾಡಿ ಅಳಿಸುತ್ತಾರೆ.

ಕಡೂರು ಎಕ್ಸ್‌ಪ್ರೆಸ್

ಮದುವೆ ಆಗೋದೂ ಒಂದು ಸಾಧನೆ ಸ್ವಾಮಿ. ನಾನು ಉಳಿಸಿ ಅಂತ ಓಟು ಹಾಕುತ್ತೇನೆ.

ಹೇಮಾವತಿ ದಂಡೆ

ನಗು ಆಮೇಲೆ. ಅಕ್ಕನ ಮಾತಿನಲ್ಲಿ ಒಂದು ಮುಖ್ಯ ವಿಷಯ ಇದೆ, ಅದನ್ನು ಯಾರೂ ಹಿಡಿಯಲಿಲ್ಲ. ಪ್ರಜಾಪ್ರತಿನಿಧಿ ಸಭೆ.

ಅದು ಗಟ್ಟಿಯಾದರೆ ಎಲ್ಲ ಬದಲಾಗಬಹುದು. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ್ದು. ಮೊದಲ ಸಭೆ ದಸರಾ ಹೊತ್ತಿಗೆ ಮೈಸೂರಿನಲ್ಲಿ, 144 ಜನ ಸೇರಿದ್ದರು. ಜಮೀನುದಾರರು, ವ್ಯಾಪಾರಿಗಳು. ಆ ಸಭೆಯ ನಡಾವಳಿ ಅಚ್ಚಾಗಿದೆ, ಸದಸ್ಯರ ಪಟ್ಟಿ ಸಮೇತ. ಅದು ಮನೆಯವರು ಬರೆದದ್ದಲ್ಲ.

ಹಾಸನದ ಹುಡುಗ

ಆದರೆ ಅದು ಶಾಸನ ಸಭೆನಾ? ಶುರುವಿನಲ್ಲಿ ಸರ್ಕಾರ ಹೇಳಿದ್ದನ್ನು ಕೇಳಿ, ಊರಿನ ಕಷ್ಟ ಹೇಳಿ ವಾಪಸ್ ಬರುವುದಷ್ಟೇ ಅಲ್ವಾ?

ಹೇಮಾವತಿ ದಂಡೆ

ಶುರುವಿನಲ್ಲಿ ಹೌದು. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ, ಅದೂ ಆಸ್ತಿ, ಓದು ಇದ್ದವರಿಗೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಬೇರೆಯಾಗಿ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ನೆಲೆ ಸಿಕ್ಕಿತು. ಆಮೇಲೆ ಅದನ್ನು ಸುಮ್ಮನೆ ಅಹವಾಲಿನ ಸಭೆ ಅನ್ನಲು ಬರುವುದಿಲ್ಲ. ಅಕ್ಕ ಹೇಳುವ ಹಿರಿಯರು 1923ರ ನಂತರದವರಾದರೆ ನಾನು ಉಳಿಸಿ ಅನ್ನುತ್ತೇನೆ. ಹೆಸರನ್ನು ಇನ್‌ಬಾಕ್ಸಿಗೆ ಹಾಕಿ. ಬುಧವಾರ ಮೈಸೂರಿಗೆ ಹೋಗುತ್ತಿದ್ದೇನೆ, ಹಳೇ ವರದಿ ನೋಡಿ ಬರುತ್ತೇನೆ.

ಬಿಸಿಲೆಘಾಟಿ

ನಿಮಗೆ ಪುಣ್ಯ ಬರಲಿ. ಹಾಕಿದ್ದೇನೆ.

ಬೇಲೂರು ಮೇಷ್ಟ್ರು

ಬುಧವಾರದ ತನಕ ಸುಮ್ಮನೆ ಕೂರುವ ಬದಲು ಒಂದು ಮಾತು ಕೇಳುತ್ತೇನೆ. ಮರಿಮಗನ ಬಗ್ಗೆ ಇಷ್ಟು ಜಗ್ಗಾಡುತ್ತಿದ್ದೀರಿ. ಮೂಲದವರ ಕಥೆ ಯಾರಾದರೂ ನೆಟ್ಟಗೆ ಬರೆದಿದ್ದೀರಾ? ನಿಮ್ಮ ಪೈಕಿ ಅಂತ ಕೇಳುತ್ತಿದ್ದೇನೆ.

ಐಗೂರು ಪಾಳೇಗಾರರದ್ದು ಸಣ್ಣ ಕಥೆಯಲ್ಲ. ಮೂಲಪುರುಷ ಎರ್ರ ಕೃಷ್ಣಪ್ಪ ನಾಯಕ. ಕೃಷ್ಣದೇವರಾಯನ ಹಡಪದವನು. ಅಂದರೆ ಅರಸನ ಎಲೆ ಅಡಿಕೆ ಚೀಲ ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ. ಅರಸನ ಕಿವಿಗೆ ಅಷ್ಟು ಹತ್ತಿರ ನಿಂತವನಿಗೆ ಬೇಲೂರು ಸೀಮೆ ಸಿಕ್ಕಿತು. ನಮ್ಮ ಬೇಲೂರಿನ ಶಾಸನಗಳಲ್ಲಿ ಈ ನಾಯಕರ ಹೆಸರುಗಳು ಬರುತ್ತವೆ. ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದ್ದೇ, 1902ರದ್ದು. ತೆಗೆದು ನೋಡಿ.

ಬೇಲೂರು ಕೈತಪ್ಪಿದ ಮೇಲೆ ಅವರು ಘಟ್ಟದ ಅಂಚಿಗೆ ಸರಿದರು. ಬಲಂ ಸೀಮೆ, ಅಂದರೆ ಮುಂದೆ ಮಂಜರಾಬಾದ್ ಅನ್ನಿಸಿಕೊಂಡದ್ದು, ಅದರಲ್ಲಿ ಐಗೂರು. ಅಲ್ಲಿ ಮಳೆಯೇ ಅವರ ಕೋಟೆ. ಟಿಪ್ಪುವಿನ ಕಾಲದಲ್ಲಿ ಕೃಷ್ಣಪ್ಪ ನಾಯಕ ಅಂತಲೇ ಇನ್ನೊಬ್ಬ. ಶ್ರೀರಂಗಪಟ್ಟಣದ ಮೇಲೆ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂದಾಗ ಇವನು ಟಿಪ್ಪು ವಿರುದ್ಧದ ದಂಡಿಗೆ ಸೇರಿದ. 1792ರಲ್ಲಿ ಒಪ್ಪಂದ ಆಗಿ ದಂಡು ವಾಪಸ್ ಹೋಯಿತು. ಇವನು ಎಲ್ಲಿಗೆ ಹೋಗಬೇಕು? ಕೊಡಗಿಗೆ ಓಡಿದ. ಆಶ್ಚರ್ಯ ಅಂದರೆ ಟಿಪ್ಪು ಅವನನ್ನು ವಾಪಸ್ ಕರೆಸಿ 5000 ವರಹ ಹುಟ್ಟುವಳಿಯ ಐಗೂರು ಸೀಮೆ ಕೊಟ್ಟ. ಉಳಿದದ್ದನ್ನು ತಾನು ಇಟ್ಟುಕೊಂಡ. ಮಂಜರಾಬಾದ್ ಕೋಟೆ ಕಟ್ಟಿಸಿದ್ದೂ ಅದೇ ಹೊತ್ತಿಗೆ. ನಕ್ಷತ್ರದ ಆಕಾರದ ಕೋಟೆ ಅಂತ ಈಗ ಎಲ್ಲರೂ ಸೆಲ್ಫಿ ತೆಗೆಯುತ್ತಾರಲ್ಲ, ಅದು. ಅದರ ಮೂತಿ ಯಾರ ಕಡೆಗಿತ್ತು ಅಂತ ಯಾರೂ ಯೋಚಿಸುವುದಿಲ್ಲ. ಘಟ್ಟದ ದಾರಿ ಕಾಯುವುದರ ಜೊತೆಗೆ ಇವರ ಮೇಲೂ ಒಂದು ಕಣ್ಣು ಅಂತ ನನ್ನ ಅಂದಾಜು. ಅಂದಾಜು ಅಷ್ಟೇ, ಲೇಖನಕ್ಕೆ ಹಾಕಬೇಡಿ.

ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಇನ್ನು ನಾನು ಯಾರಿಗೂ ಅಡಿಯಾಳಲ್ಲ ಅಂತ ನಿಂತ. ಮೂರು ವರ್ಷ ಕಾಡಿನಲ್ಲಿ ಆಟ ಆಡಿಸಿದ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯೇ ದಂಡು ತೆಗೆದುಕೊಂಡು ಬಂದು ಅರೆಕೆರೆ ಕೋಟೆ ಹಿಡಿದ. ವೆಂಕಟಾದ್ರಿಯನ್ನು ಹಿಡಿದು ನೇಣಿಗೆ ಹಾಕಿದರು. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ.

ಮುಳ್ಳಯ್ಯನಗಿರಿ

ಮೇಷ್ಟ್ರೇ, ನಿಮಗೆ ಗೊತ್ತಿಲ್ಲದೆ ಹುಡುಗನ ಪರ ವಾದ ಮಾಡಿದಿರಿ.

ಈ ವೆಲ್ಲೆಸ್ಲಿ ಯಾರು? ಐರ್ಲೆಂಡಿನ ಒಬ್ಬ ಅರ್ಲ್‌ನ ಕಿರಿಯ ಮಗ. ಪದವಿ ಅಣ್ಣನಿಗೆ ಹೋಯಿತು. ಆ ಅಣ್ಣನೇ ಆಗ ಇಲ್ಲಿ ಗವರ್ನರ್ ಜನರಲ್, ತಮ್ಮನಿಗೆ ಒಳ್ಳೇ ಕೆಲಸ ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಅಂದರೆ ಅವನೂ ಹುಟ್ಟಿನಿಂದ ಸಣ್ಣ ಅರಸು ಮನೆಯ ಹುಡುಗನೇ. ಊರಿನಲ್ಲೇ ಕೂತು ಪಿಟೀಲು ಬಾರಿಸಿಕೊಂಡಿದ್ದರೆ ಅವನಿಗೂ ಪುಟ ಸಿಗುತ್ತಿರಲಿಲ್ಲ. ವೆಂಕಟಾದ್ರಿಗೂ ಅಷ್ಟೇ. ಪಾಳೇಗಾರನ ಮಗ ಅನ್ನುವುದಕ್ಕಲ್ಲ, ಅವನು ಮಾಡಿದ್ದಕ್ಕೆ ಪುಟ. ಅವನನ್ನು ನೇಣಿಗೆ ಹಾಕಿದವರೇ ಅವನ ಬಗ್ಗೆ ಕಾಗದ ಬರೆದರು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ ಬರೆದ. ಇವರ್ಯಾರೂ ಅವನ ತಂಗಿಯ ಮಕ್ಕಳಲ್ಲ.

ಬಿಸಿಲೆಘಾಟಿ

ತಂಗಿಯ ಮಗನನ್ನು ಬಿಡುವುದಿಲ್ಲ ನೀವು.

ಕಡೂರು ಎಕ್ಸ್‌ಪ್ರೆಸ್

ನಮ್ಮ ತರೀಕೆರೆಯವರಿಗೂ ಒಂದು ಸಾಲು ಕೊಡಿ. ಸರ್ಜಾ ಹನುಮಪ್ಪ ನಾಯಕ 1830ರ ನಗರ ದಂಗೆಯಲ್ಲಿದ್ದ. ನಗರ ಅಂದರೆ ಶಿವಮೊಗ್ಗ ಕಡೆಯ ನಗರ ಸೀಮೆ. ಆ ದಂಗೆಯ ನೆಪದಲ್ಲೇ 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡರು. ಐವತ್ತು ವರ್ಷ ವಾಪಸ್ ಕೊಡಲಿಲ್ಲ. ಅಂಥವನಿಗೆ ಪುಟ ಬೇಡ ಅಂದರೆ ನಾನು ರೈಲು ತಡೆಯುತ್ತೇನೆ.

ಹಾಸನದ ಹುಡುಗ

ಯಾರೂ ಬೇಡ ಅಂದಿಲ್ಲ ಅಣ್ಣ. ಆದರೆ ಮೇಷ್ಟ್ರ ಹತ್ತಿರ ಒಂದು ಅನುಮಾನ. ವೆಂಕಟಾದ್ರಿ ಬಗ್ಗೆ ಇರುವುದೆಲ್ಲ ಗೆದ್ದವರು ಬರೆದದ್ದು. ಅವರ ಪ್ರಕಾರ ಅವನು ದಂಗೆಕೋರ. ಇದನ್ನು ಸಂಬಂಧ ಇಲ್ಲದವರ ಬರಹ ಅನ್ನಬಹುದಾ? ತಂಗಿಯ ಮಗ ಹೊಗಳುತ್ತಾನೆ, ಹಗೆಯವನು ತೆಗಳುತ್ತಾನೆ. ಇಬ್ಬರಿಗೂ ಸಂಬಂಧ ಇದೆ.

ಬೇಲೂರು ಮೇಷ್ಟ್ರು

ಒಳ್ಳೇ ಪ್ರಶ್ನೆ. ಹಗೆಯವನು ಬರೆದದ್ದರಿಂದ ಒಂದು ಮಾತ್ರ ಗ್ಯಾರಂಟಿ: ಆ ಮನುಷ್ಯ ಇದ್ದ, ಅವರಿಗೆ ತಲೆನೋವಾಗಿದ್ದ. ಪುಟ ಇರಬೇಕು ಅನ್ನುವುದಕ್ಕೆ ಅಷ್ಟು ಸಾಕು. ಪುಟದ ಒಳಗೆ ಏನು ಬರೆಯಬೇಕು ಅನ್ನುವುದು ಬೇರೆ. ಅಲ್ಲಿ ದಂಗೆಕೋರ ಅಂತ ಅವರ ಮಾತನ್ನೇ ಎತ್ತಿ ಹಾಕಬೇಡಿ, ಸ್ವಾತಂತ್ರ್ಯ ಹೋರಾಟಗಾರ ಅಂತ ನಮ್ಮ ಮಾತನ್ನೂ ತುರುಕಬೇಡಿ. ಯಾವ ಕೋಟೆ, ಯಾವ ವರ್ಷ, ಏನಾಯಿತು, ಯಾರು ಹೇಳಿದ್ದು ಅಂತ ಬರೆದು ಸುಮ್ಮನಾಗಿ.

ತಾತನ ಮೊಮ್ಮಗ, ಮಂಗಳವಾರ ರಾತ್ರಿ (ಹೊಸ ಖಾತೆ)

ನೀವೆಲ್ಲ ಯಾರು ನಮ್ಮ ತಾತನನ್ನು ಸಣ್ಣ ಅರಸು ಅನ್ನಲು? ನಮ್ಮ ತಾತ ಹೋಗುವಾಗ ಜನ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಸಿನಿಮಾ ಸೈಡ್ ಆಕ್ಟರುಗಳಿಗೆಲ್ಲ ಪುಟ ಇದೆ. ಶಾಲೆಗೆ ಎರಡು ಎಕರೆ ಕೊಟ್ಟವರಿಗೆ ಇಲ್ಲವಾ?

ಕಡೂರು ಎಕ್ಸ್‌ಪ್ರೆಸ್

ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರ ಮೊಮ್ಮಕ್ಕಳೂ ಇಲ್ಲಿ ಇರಬಹುದು ಸ್ವಾಮಿ. ಅದನ್ನು ಲೇಖನಕ್ಕೆ ಹಾಕಬೇಡಿ.

ಬೇಲೂರು ಮೇಷ್ಟ್ರು

ಎಕ್ಸ್‌ಪ್ರೆಸ್ಸು, ಸ್ವಲ್ಪ ನಿಧಾನ.

ಮಗೂ, ಯಾರೂ ನಿಮ್ಮ ತಾತನಿಗೆ ಅವಮಾನ ಮಾಡುತ್ತಿಲ್ಲ. ಇಲ್ಲಿ ಪುಟ ಅಂದರೆ ಸನ್ಮಾನ ಅಲ್ಲ. ಕಳ್ಳರಿಗೂ ಪುಟ ಇದೆ. ಪುಟ ಇಲ್ಲದಿದ್ದರೆ ಒಳ್ಳೆಯವರಲ್ಲ ಅಂತಲೂ ಅರ್ಥ ಅಲ್ಲ. ನನ್ನ ಅಪ್ಪ ನಲವತ್ತು ವರ್ಷ ಪಾಠ ಹೇಳಿದರು, ಅವರಿಗೂ ಪುಟ ಇಲ್ಲ, ಇರಬೇಕಾಗಿಯೂ ಇಲ್ಲ. ಇನ್ನೊಂದು ವಿಷಯ. ಪುಟ ಆದಮೇಲೆ ಅದು ನಿಮ್ಮದಲ್ಲ. ಯಾರೋ ಬಂದು, 1974ರ ಭೂಸುಧಾರಣೆಯಲ್ಲಿ ಇವರ ಮೇಲೆ ಎಷ್ಟು ಗೇಣಿದಾರರು ಭೂಮಿ ನಮ್ಮದಾಗಬೇಕು ಅಂತ ಡಿಕ್ಲರೇಷನ್ ಹಾಕಿದರು ಅಂತ ದಾಖಲೆ ಸಮೇತ ಬರೆದರೆ ನೀವು ಅಳಿಸುವ ಹಾಗಿಲ್ಲ. ಅದಕ್ಕೆ ಮನೆಯವರು ತಯಾರಿದ್ದಾರಾ?

ತಾತನ ಮೊಮ್ಮಗ

ಅದು ಬೇಡ ಸರ್. ಆ ಕೇಸು ನಮ್ಮಪ್ಪನ ಕಾಲದವರೆಗೂ ನಡೆದಿತ್ತು.

ಮುಳ್ಳಯ್ಯನಗಿರಿ

ಕಾಫಿ ತೋಟ ಕಾಯ್ದೆಯಿಂದ ಹೊರಗಿತ್ತು, ಗದ್ದೆ ಹೋಯಿತು. ನಮ್ಮ ಕಡೆಯ ಎಲ್ಲ ದೊಡ್ಡಮನೆಗಳ ಕಥೆ ಅದೇ. ನಿಜ ಹೇಳಬೇಕೆಂದರೆ ಒಬ್ಬೊಬ್ಬ ಯಜಮಾನನ ಪುಟಕ್ಕಿಂತ ಈ ಕಥೆಗೇ ಒಂದು ಲೇಖನ ಬೇಕು. ಅರಸು ಅನ್ನುವ ಮಾತಿಗೂ ಒಂದು ಅಡಿಟಿಪ್ಪಣಿ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು, ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಲ್ಲುವ ತನಕ ಸರ್ಕಾರ ಒಪ್ಪಿದ್ದು ಮೈಸೂರಿನಂಥ ಸಂಸ್ಥಾನದ ಅರಸರನ್ನು. ಪಾಳೇಗಾರರ ಮನೆಗಳು ಆ ಪಟ್ಟಿಯಲ್ಲೇ ಇರಲಿಲ್ಲ. ಊರು ಪ್ರೀತಿಯಿಂದಲೋ ಭಯದಿಂದಲೋ ಕರೆದದ್ದು ಅರಸು.

ಹೇಮಾವತಿ ದಂಡೆ, ಗುರುವಾರ ಬೆಳಿಗ್ಗೆ

ಹೋಗಿ ಬಂದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಧೂಳು ಕುಡಿದೆ.

ಹೆಸರು ಸಿಕ್ಕಿತು. 1923ರ ನಂತರದ ವರದಿಯಲ್ಲೇ ಸಿಕ್ಕಿತು. ಖುಷಿಯಿಂದ ಒಂದು ಕಾಫಿ ಕುಡಿದು ಬಂದು ಇನ್ನೊಮ್ಮೆ ನೋಡಿದೆ. ಹೆಸರು ಅದೇ, ಊರು ಬೇರೆ. ಹೊಳೆಯ ಆಚೆ ದಡದ ಊರು. ಕಸುಬು ಪ್ಲಾಂಟರ್ ಅಂತ ಇದೆ. ತಂದೆಯ ಹೆಸರಿನ ಮೊದಲ ಅಕ್ಷರವೂ ಕೂಡುವುದಿಲ್ಲ. ಹಿಂದಿನ, ಮುಂದಿನ ವರ್ಷದ ವರದಿಗಳನ್ನೂ ತಿರುವಿದೆ. ಅಕ್ಕ ಹೇಳಿದ ಊರಿನವರು ಯಾರೂ ಇಲ್ಲ.

ಬಿಸಿಲೆಘಾಟಿ

ಅಯ್ಯೋ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ನಕ್ಕರು. ಆಚೆ ದಡದವರೂ ಇವರೂ ಬೀಗರಂತೆ. ಇಬ್ಬರಿಗೂ ಒಂದೇ ಹೆಸರಂತೆ. ಮೈಸೂರಿಗೆ ಹೋಗುತ್ತಿದ್ದದ್ದು ಅವರು, ದಸರಾ ನೋಡಲು ಜೊತೆಗೆ ಹೋಗುತ್ತಿದ್ದದ್ದು ಇವರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಇಬ್ಬರೂ ಒಬ್ಬರಾಗಿದ್ದಾರೆ. ನಾನು ಲೇಖನ ಹಾಕಿದ್ದರೆ ಮೂರನೇ ತಲೆಮಾರಿಗೆ ಅದೇ ಸತ್ಯ ಆಗಿಬಿಡುತ್ತಿತ್ತು. ಮೈ ಜುಂ ಅಂತು.

ಹಾಸನದ ಹುಡುಗ

ಇದನ್ನೇ ನಾನು ಹೇಳಿದ್ದು ಅನ್ನುವುದಿಲ್ಲ. ಆದರೆ ಇದನ್ನೇ ನಾನು ಹೇಳಿದ್ದು.

ಬೇಲೂರು ಮೇಷ್ಟ್ರು

ಒಪ್ಪಿದೆ. ನಾನು ಬಾಯಿಮಾತಿನ ಪರ ವಾದಿಸಿದವನು. ಈಗಲೂ ಬಾಯಿಮಾತು ಬೇಡ ಅನ್ನುವುದಿಲ್ಲ. ಅದನ್ನು ಬರೆದಿಡುವ ಜಾಗ ಬೇರೆ. ಯಾರಾದರೂ ಓಡಾಡಿ, ಈಚೆ ದಡ ಆಚೆ ದಡ ಎರಡೂ ಕಡೆ ಕೇಳಿ, ಸ್ಥಳೀಯ ಚರಿತ್ರೆ ಅಂತ ಅಚ್ಚು ಹಾಕಿಸಲಿ. ಆಮೇಲೆ ವಿಕಿಪೀಡಿಯ ಅದನ್ನು ಉಲ್ಲೇಖ ಮಾಡಲಿ.

ಹೇಮಾವತಿ ದಂಡೆ

ಹಾಗಾದರೆ ಹೀಗೆ ಮಾಡೋಣವಾ? ಹಿರಿಯರಿಗೆ ಬೇರೆ ಪುಟ ಬೇಡ. ಐಗೂರು ಪಾಳೇಗಾರರು ಅಂತ ವಂಶದ ಲೇಖನ ಒಂದನ್ನು ಗಟ್ಟಿಯಾಗಿ ಬರೆಯೋಣ, ಎರ್ರ ಕೃಷ್ಣಪ್ಪನಿಂದ ವೆಂಕಟಾದ್ರಿ ತನಕ. ವೆಂಕಟಾದ್ರಿಯದ್ದು ಬೆಳೆದರೆ ಬೇರೆ ಪುಟ. ಶಾಲೆಯ ಜಾಗದ ವಿಷಯ ಊರಿನ ಲೇಖನಕ್ಕೆ ಒಂದು ಸಾಲು, ಶಾಲೆಯ ದಾಖಲೆ ಎಲ್ಲಾದರೂ ಅಚ್ಚಾಗಿದ್ದರೆ ಮಾತ್ರ. ಈಗ ಬದುಕಿರುವ ಮನೆಯವರ ಹೆಸರು ಎಲ್ಲೂ ಬೇಡ.

ಬಿಸಿಲೆಘಾಟಿ

ಒಪ್ಪಿಗೆ. ಪ್ರಯೋಗಪುಟ ಖಾಲಿ ಮಾಡುತ್ತೇನೆ. ವಂಶದ ಲೇಖನದ ಮೊದಲ ಭಾಗ ನನಗಿರಲಿ. ಮೇಷ್ಟ್ರೇ, ಶಾಸನ ಓದುವುದು ನೀವು.

ಬೇಲೂರು ಮೇಷ್ಟ್ರು

ಕನ್ನಡಕ ಬದಲಾಯಿಸಬೇಕು. ಆದರೂ ಆಯಿತು.

ಕಡೂರು ಎಕ್ಸ್‌ಪ್ರೆಸ್

ತರೀಕೆರೆ ನನ್ನದು. ಯಾರೂ ಮುಟ್ಟಬೇಡಿ.

ತಾತನ ಮೊಮ್ಮಗ

ಮೊನ್ನೆ ಜೋರಾಗಿ ಮಾತಾಡಿದೆ, ತಪ್ಪು ತಿಳಿಯಬೇಡಿ. ಮನೆಯಲ್ಲಿ ಒಂದು ಫೋಟೋ ಇದೆ. ತಾತ ಹಳೇ ಮನೆಯ ಹೆಬ್ಬಾಗಿಲ ಮುಂದೆ ಕುರ್ಚಿಯಲ್ಲಿ ಕೂತಿದ್ದಾರೆ. ಆ ಹೆಬ್ಬಾಗಿಲು ಈಗಿಲ್ಲ, ಮಳೆಗೆ ಬಿತ್ತು. ಅದನ್ನಾದರೂ ಹಾಕಬಹುದಾ?

ಮುಳ್ಳಯ್ಯನಗಿರಿ

ಹಾಕಬಹುದು, ಹಾಕಲೇಬೇಕು. ಹಳೇ ಮಲೆನಾಡಿನ ಹೆಬ್ಬಾಗಿಲಿನ ಫೋಟೋ ಸಿಗುವುದು ಕಷ್ಟ. ಯಾವಾಗ ತೆಗೆದದ್ದು? 1958ಕ್ಕೆ ಮೊದಲಿನದ್ದಾದರೆ ಭಾರತದ ಕಾನೂನಿನ ಪ್ರಕಾರ ಕೃತಿಸ್ವಾಮ್ಯದ ತೊಂದರೆ ಇಲ್ಲ. ಹಿಂದೆ ಸ್ಟುಡಿಯೋ ಮುದ್ರೆ, ತಾರೀಕು ಇದೆಯಾ ನೋಡಿ.

ತಾತನ ಮೊಮ್ಮಗ

1941 ಅಂತ ಪೆನ್ಸಿಲ್ಲಿನಲ್ಲಿ ಬರೆದಿದೆ. ಫೋನಿನಲ್ಲಿ ತೆಗೆದು ಇಲ್ಲಿ ಹಾಕಿದ್ದೇನೆ ನೋಡಿ.

ಬೇಲೂರು ಮೇಷ್ಟ್ರು

ಬಾಗಿಲುವಾಡದ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಫೋಟೋದಲ್ಲಿ ಇನ್ನೊಬ್ಬರು ಇದ್ದಾರಲ್ಲ, ಕುರ್ಚಿಯ ಹಿಂದೆ, ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು. ಅವರು ಯಾರು?

ತಾತನ ಮೊಮ್ಮಗ

ಗೊತ್ತಿಲ್ಲ ಸರ್. ಯಾವತ್ತೂ ಕೇಳಿಲ್ಲ. ಅತ್ತೆಗೆ ಗೊತ್ತಿರಬಹುದು, ಭಾನುವಾರ ಹೋದಾಗ ಕೇಳುತ್ತೇನೆ. ಸ್ಕ್ಯಾನ್ ಎಷ್ಟು ಡಿಪಿಐನಲ್ಲಿ ಮಾಡಿಸಲಿ?

ಮುಳ್ಳಯ್ಯನಗಿರಿ

600. ಸಕಲೇಶಪುರದಲ್ಲಿ ಆಗದಿದ್ದರೆ ಹಾಸನಕ್ಕೆ ತನ್ನಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.